ಮನೆಯ ಹಾಡಿಕೆಗೊಂದು ತಾಳದ ಪ್ಯಾಡು: ಕೊಳ್ಳುವ ಮುನ್ನ ಅರಿಯತಕ್ಕದ್ದು

ಸಾಯಂಕಾಲದ ಪ್ರಾರ್ಥನೆಯ ಹೊತ್ತಿಗೆ ಪಡಸಾಲೆಯಲ್ಲಿ ಹಾರ್ಮೋನಿಯಮ್ಮಿನ ತಿದಿ ಬಿಚ್ಚಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನಾಲ್ಕು ವಚನಗಳನ್ನು ಹಾಡುವ ರೂಢಿ ನಮ್ಮ ಸಮಾಜದ ಅನೇಕ ಕುಟುಂಬಗಳಲ್ಲಿ ಇಂದಿಗೂ ಉಳಿದುಬಂದಿರುವುದು ಸಂತೋಷದ ಸಂಗತಿ. ಹಿಂದೆ ಆ ಹಾಡಿಕೆ ಆ ಹೊತ್ತಿಗೆ ಮುಗಿದುಹೋಗುತ್ತಿತ್ತು. ಕೇಳಿದವರ ಮನಸ್ಸಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಈಗ ಹಾಗಲ್ಲ. ಮನೆಯ ಮಗನೋ ಮಗಳೋ ಮೊಬೈಲನ್ನು ಎದುರಿಗಿಟ್ಟು ಅಜ್ಜಿಯ ಹಾಡನ್ನು ದಾಖಲಿಸುತ್ತಾರೆ, ಲ್ಯಾಪ್‌ಟಾಪಿಗೆ ಏರಿಸುತ್ತಾರೆ, ಅದಕ್ಕೆ ತಂಬೂರಿಯ ಶ್ರುತಿ ಕೂಡಿಸುತ್ತಾರೆ. ಆಮೇಲೆ ತಾಳ ಬೇಕೆನಿಸುತ್ತದೆ. ತಬಲಾ ನುಡಿಸುವವರು ಮನೆಯಲ್ಲಿಲ್ಲ. ಆಗ ಮಕ್ಕಳು ಹೆತ್ತವರ ಮುಂದೆ ಒಂದು ಬೇಡಿಕೆಯನ್ನು ಇಡುತ್ತಾರೆ: ‘ಒಂದು ಡ್ರಮ್ ಪ್ಯಾಡ್ ಕಂಟ್ರೋಲರ್ ಕೊಡಿಸಿರಿ’ ಎಂದು.

ಹೆಸರು ಕೇಳಿಯೇ ಹಿರಿಯರು ಹುಬ್ಬೇರಿಸುವುದುಂಟು. ಇದು ಆಟಿಕೆಯೋ ವಾದ್ಯವೋ, ಎಷ್ಟು ಹಣದ್ದು, ಮೂರು ತಿಂಗಳಿಗೆ ಮೂಲೆ ಸೇರುವುದೋ ಎಂಬ ಪ್ರಶ್ನೆಗಳು ಸಹಜವೇ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನಿರಲಿ, ಬಬಲೇಶ್ವರದ ಕಿರಾಣಿ ಅಂಗಡಿಯವನಿರಲಿ, ವಿಜಯಪುರದ ಶಾಲಾ ಶಿಕ್ಷಕಿಯಿರಲಿ, ಹತ್ತು ಸಾವಿರ ರೂಪಾಯಿ ಎಂದರೆ ಯೋಚಿಸಿ ತೆಗೆಯುವ ಹಣ. ಆದುದರಿಂದ ಈ ಸಾಧನದ ಗುಣದೋಷಗಳನ್ನು, ಅದಕ್ಕಿಂತ ಮುಖ್ಯವಾಗಿ ಅದನ್ನು ಕೊಂಡ ಮೇಲೆ ಮಾಡಬೇಕಾದ ಕೆಲಸವನ್ನು, ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದ ಮಾತು ಒಂದುಂಟು. ಈ ಪೆಟ್ಟಿಗೆಯೊಳಗೆ ನಾದವಿಲ್ಲ. ಅಂಗೈಯಗಲದ, ಇಲ್ಲವೆ ಒಂದು ದೊಡ್ಡ ಪುಸ್ತಕದಷ್ಟಿರುವ ಹಲಗೆಯ ಮೇಲೆ ರಬ್ಬರಿನ ಚೌಕಗಳಿರುತ್ತವೆ. ಬೆರಳಿನಿಂದ ಬಡಿದರೆ ‘ಇಂಥ ಸಂಖ್ಯೆಯ ಚೌಕಕ್ಕೆ ಇಷ್ಟು ಬಲದ ಪೆಟ್ಟು ಬಿತ್ತು’ ಎಂಬ ಸುದ್ದಿಯನ್ನು ಅದು ತಂತಿಯ ಮೂಲಕ ಗಣಕಕ್ಕೆ ಕಳಿಸುತ್ತದೆ, ಅಷ್ಟೆ. ನಾದ ಹುಟ್ಟುವುದು ಗಣಕದಲ್ಲಿರುವ ತಂತ್ರಾಂಶದಲ್ಲಿ. ಅಂಚೆಯವನಿಗೂ ಪತ್ರ ಬರೆದವನಿಗೂ ಇರುವ ಅಂತರ ಇಲ್ಲಿಯೂ ಇದೆ. ಈ ಸುದ್ದಿಯ ಭಾಷೆಗೆ ‘ಮಿಡಿ’ ಎಂದು ಹೆಸರು. 1983ರಲ್ಲಿ ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡುವಂತಾದದ್ದು ಈ ಭಾಷೆಯಿಂದಲೇ. ಪೆಟ್ಟಿನ ಬಲವನ್ನು ಅದು 1ರಿಂದ 127ರವರೆಗಿನ ಅಂಕಿಯಲ್ಲಿ ಅಳೆಯುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ಚೌಕಗಳ ವಿನ್ಯಾಸ ಪ್ರಸಿದ್ಧಿಗೆ ಬಂದದ್ದು 1988ರಲ್ಲಿ, ರೋಜರ್ ಲಿನ್ ಎಂಬುವರು ಅಕಾಯ್ ಕಂಪನಿಗಾಗಿ ರೂಪಿಸಿದ ‘ಎಂಪಿಸಿ 60’ ಎಂಬ ಯಂತ್ರದಿಂದ. ಇಂದಿನ ಸಣ್ಣ ಪ್ಯಾಡುಗಳೆಲ್ಲ ಅದರ ಮೊಮ್ಮಕ್ಕಳೆಂದರೆ ತಪ್ಪಾಗದು.

ಒಳಗೆ ನಾದವಿಲ್ಲದ ಪೆಟ್ಟಿಗೆಗೆ ಹಣವೇಕೆ ಎಂದು ಕೆಲವರು ಕೇಳಬಹುದು. ಹಾಡಿಕೆಯ ಅಭ್ಯಾಸಕ್ಕೆ ಮಾತ್ರ ಠೇಕಾ ಬೇಕಾದವರಿಗೆ ಇದು ನಿಜವಾಗಿಯೂ ಬೇಡ. ಅಂಥವರಿಗಾಗಿ ನಮ್ಮ ಬೆಂಗಳೂರಿನ ರಾಡೆಲ್ ಸಂಸ್ಥೆಯ ‘ತಾಳಮಾಲಾ’ದಂಥ ವಿದ್ಯುನ್ಮಾನ ತಬಲಾ ಪೆಟ್ಟಿಗೆಗಳಿವೆ, ಗುಂಡಿ ಒತ್ತಿದರೆ ದಾದರಾ, ಕೆಹರ್ವಾ, ತೀನತಾಳ ತಾವಾಗಿಯೇ ಸಾಗುತ್ತವೆ. ಮೊಬೈಲಿನಲ್ಲಿಯೂ ಅಂಥ ಅನುಕೂಲಗಳು ದೊರೆಯುತ್ತವೆ. ಆದರೆ ಅಲ್ಲಿ ಯಂತ್ರ ಮುಂದೆ, ಹಾಡುವವರು ಹಿಂದೆ. ವಚನದ ಸಾಲು ಒಂದೆಡೆ ನಿಂತು ಉಸಿರು ತೆಗೆದುಕೊಂಡರೆ ಆ ಪೆಟ್ಟಿಗೆ ಕಾಯುವುದಿಲ್ಲ. ಪ್ಯಾಡಿನಲ್ಲಿಯಾದರೋ ಬಡಿಯುವ ಬೆರಳು ಮನುಷ್ಯರದು. ಅದು ಕಾಯಬಲ್ಲದು, ಮೆಲ್ಲಗಾಗಬಲ್ಲದು. ಈ ಒಂದು ಗುಣಕ್ಕಾಗಿಯೇ ಅದನ್ನು ಕೊಳ್ಳಬೇಕು. ಈ ಗುಣ ಬೇಡವಾದವರು ಇಲ್ಲಿಗೇ ಓದು ನಿಲ್ಲಿಸಿ ಹಣ ಉಳಿಸಿಕೊಳ್ಳಬಹುದು.

ಎಷ್ಟು ಚೌಕಗಳು ಬೇಕು?

ಹೆಚ್ಚು ಚೌಕಗಳಿದ್ದಷ್ಟೂ ಹೆಚ್ಚು ಅನುಕೂಲವೆಂಬ ಭಾವನೆ ಅಂಗಡಿಯವರಿಂದ ಹರಡಿದ್ದು. ನಮ್ಮ ತಬಲಾವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಬಲಗೈಯ ನಾ, ತಿನ್, ತುನ್, ತೆ, ರೆ ಎಂಬ ಐದು, ಎಡಗೈಯ ಗೆ, ಕೆ ಎಂಬ ಎರಡು, ಒಟ್ಟು ಏಳು. ಧಾ ಎಂಬುದು ಬೇರೆ ಪೆಟ್ಟಲ್ಲ. ನಾ ಮತ್ತು ಗೆ ಏಕಕಾಲಕ್ಕೆ ಬಿದ್ದರೆ ಧಾ. ತಿನ್ ಮತ್ತು ಗೆ ಕೂಡಿದರೆ ಧಿನ್. ಎರಡು ಚೌಕಗಳನ್ನು ಎರಡು ಬೆರಳಿನಿಂದ ಒಟ್ಟಿಗೆ ಒತ್ತಿದರೆ ಈ ಜೋಡಿ ಬೋಲುಗಳು ತಾವಾಗಿಯೇ ಬರುತ್ತವೆ. ಎಂಟನೆಯ ಚೌಕದಲ್ಲಿ ಕಂಚಿನ ತಾಳವನ್ನು ಇರಿಸಿದರೆ ಭಜನೆಯ ಮೇಳ ಪೂರ್ಣವಾಯಿತು. ಎಂಟು ಮಾತ್ರೆಯ ಕೆಹರ್ವಾ, ಆರು ಮಾತ್ರೆಯ ದಾದರಾ, ಏಳರ ರೂಪಕ, ಹತ್ತರ ಝಪತಾಳಗಳನ್ನು ಇಷ್ಟರಲ್ಲಿಯೇ ಸರಾಗವಾಗಿ ನುಡಿಸಬಹುದು. ತಬಲಾ ಬಲ್ಲವರು ಇದಕ್ಕೆ ಇನ್ನೂ ನಾಲ್ಕು ಪೆಟ್ಟುಗಳನ್ನು ಸೇರಿಸುವರು, ಸೇರಿಸಲಿ; ಆದರೆ ಮನೆಯ ಹಾಡಿಕೆಗೆ ಎಂಟು ಸಾಕು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಮಾರುಕಟ್ಟೆಯ ಮಾತು. ಅಕಾಯ್ ಕಂಪನಿಯ ‘ಎಲ್‌ಪಿಡಿ 8’ ಎಂಬುದು ಎಂಟು ಪ್ಯಾಡುಗಳ, ಎಂಟು ತಿರುಗುಗುಂಡಿಗಳ ಚಿಕ್ಕ ಸಾಧನ. ಶಾಲೆಯ ಪಾಟೀಚೀಲದಲ್ಲಿ ಹಿಡಿಯುತ್ತದೆ. ಅದೇ ಕಂಪನಿಯ ‘ಎಂಪಿಡಿ 218’ರಲ್ಲಿ ದಪ್ಪನೆಯ ಹದಿನಾರು ಪ್ಯಾಡುಗಳಿವೆ, ಮೂರು ಸರದಿಗಳಲ್ಲಿ ಬದಲಿಸಿ ನಲವತ್ತೆಂಟು ನಾದಗಳನ್ನು ಇರಿಸಬಹುದು. ಅದರ ಪ್ಯಾಡುಗಳು ಒತ್ತಿ ಹಿಡಿದ ಒತ್ತಡವನ್ನೂ ಗ್ರಹಿಸುವುದರಿಂದ, ತಬಲಾದ ಎಡಭಾಗವನ್ನು ಅಂಗೈಯಿಂದ ಒತ್ತಿ ನಾದವನ್ನು ಜಾರಿಸುವ ಚಮತ್ಕಾರದ ಒಂದು ನೆರಳನ್ನಾದರೂ ಇಲ್ಲಿ ತರಲು ಸಾಧ್ಯ. ನೆರಳು ಮಾತ್ರ, ಅಂಗೈಯ ಸೊಗಸು ಬರುವುದಿಲ್ಲ. ಕಾರ್ಗ್ ಕಂಪನಿಯ ‘ನ್ಯಾನೋಪ್ಯಾಡ್ 2’ ತೆಳ್ಳಗೆ ಉದ್ದಕ್ಕಿದ್ದು ಹದಿನಾರು ಪ್ಯಾಡುಗಳನ್ನು ಹೊಂದಿದೆ. ಸ್ವರವನ್ನೂ ತಾಳವನ್ನೂ ಒಂದರಲ್ಲಿಯೇ ಬಯಸುವವರಿಗೆ ಇಪ್ಪತ್ತೈದು ಸಣ್ಣ ಮನೆಗಳೂ ಎಂಟು ಪ್ಯಾಡುಗಳೂ ಇರುವ ‘ಎಂಪಿಕೆ ಮಿನಿ’ ಉಂಟು. ಹಾರ್ಮೋನಿಯಂ ಮನೆಯಲ್ಲಿ ಇದ್ದವರಿಗೆ ಅದು ಬೇಕೇ ಬೇಕೆಂದೇನೂ ಇಲ್ಲ. ನೊವೇಶನ್ ಕಂಪನಿಯ ‘ಲಾಂಚ್‌ಪ್ಯಾಡ್ ಮಿನಿ’ ಅರವತ್ತನಾಲ್ಕು ಬಣ್ಣದ ದೀಪಗಳಿಂದ ಮಕ್ಕಳ ಕಣ್ಸೆಳೆಯುವುದು ನಿಶ್ಚಯ. ಆದರೆ ಅದು ಪೆಟ್ಟಿನ ಬಲವನ್ನು ಗ್ರಹಿಸುವುದಿಲ್ಲ. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಒಂದೇ ಸದ್ದು. ಬೇರೆ ಬಗೆಯ ಸಂಗೀತಕ್ಕೆಂದು ಮಾಡಿದ ಒಳ್ಳೆಯ ಸಾಧನವೇ ಅದು, ಆದರೆ ನಮ್ಮ ತಾಳಕ್ಕಲ್ಲ. ಬೆಲೆಯೆಂದರೆ, ಚಿಕ್ಕವು ಐದರಿಂದ ಎಂಟು ಸಾವಿರದ ಆಸುಪಾಸು, ಹದಿನಾರು ಪ್ಯಾಡಿನವು ಹತ್ತು ಸಾವಿರದ ಆಚೀಚೆ. ಆಮದಾಗಿ ಬರುವ ವಸ್ತುಗಳಾದುದರಿಂದ ಏರಿಳಿತ ಇದ್ದೇ ಇರುತ್ತದೆ.

ಅಂಗಡಿಯಲ್ಲಿ ನೋಡುವ ಅವಕಾಶವಿದ್ದರೆ ಮೂರು ಪರೀಕ್ಷೆಗಳು ಸಾಕು. ಮೂಲೆಯ ಪ್ಯಾಡನ್ನು ಕಿರುಬೆರಳಿನಿಂದ, ಮಗುವಿನ ಕೆನ್ನೆ ಮುಟ್ಟಿದಂತೆ, ಮುಟ್ಟಿ ನೋಡಬೇಕು, ಸದ್ದು ಬರಬೇಕು. ಒಂದು ಪ್ಯಾಡನ್ನು ಬಲವಾಗಿ ಬಡಿದಾಗ ಪಕ್ಕದ್ದು ಸದ್ದು ಮಾಡಬಾರದು. ಎರಡು ಬೆರಳುಗಳಿಂದ ತಿರಕಿಟ ಎಂದು ಬೇಗಬೇಗನೆ ನುಡಿಸಿದಾಗ ಒಂದು ಪೆಟ್ಟೂ ಕಳೆಯಬಾರದು, ಒಂದಕ್ಕೆ ಎರಡೂ ಆಗಬಾರದು. ಪಾರ್ಸಲ್ಲಿನಲ್ಲಿ ತರಿಸುವವರು ಬಂದ ದಿನವೇ ಹದಿನಾರೂ ಪ್ಯಾಡುಗಳಿಗೆ ಈ ಪರೀಕ್ಷೆ ನಡೆಸಿ, ಮರಳಿಸುವ ಅವಧಿ ಮೀರುವ ಮೊದಲೇ ತೀರ್ಮಾನಕ್ಕೆ ಬರತಕ್ಕದ್ದು. ಬಳಸಿದ ವಸ್ತು ಕೊಳ್ಳುವವರು ಈ ವಿಷಯದಲ್ಲಿ ಇನ್ನೂ ಎಚ್ಚರದಿಂದಿರಬೇಕು. ರಬ್ಬರಿನ ಕೆಳಗಿನ ಗ್ರಾಹಕ ಸವೆದಿರುವುದು ಹೊರಗಿನಿಂದ ಕಾಣದು.

ಗೋಲಗುಂಬಜದಷ್ಟು ದೂರ

ಪ್ಯಾಡು ತಂದ ಅನೇಕರು ಮೊದಲ ವಾರದಲ್ಲಿಯೇ ನಿರಾಶರಾಗುವುದಕ್ಕೆ ಕಾರಣ ಪ್ಯಾಡಲ್ಲ, ವಿಳಂಬ. ಬೆರಳು ಬಡಿದುದಕ್ಕೂ ಕಿವಿಗೆ ಕೇಳುವುದಕ್ಕೂ ನಡುವೆ ಗಣಕವು ತುಸು ಹೊತ್ತು ತೆಗೆದುಕೊಳ್ಳುತ್ತದೆ. ಇದನ್ನು ವಿಜಯಪುರದವರಿಗೆ ತಿಳಿಸುವುದು ಸುಲಭ. ಗೋಲಗುಂಬಜದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತವರೆಲ್ಲ ಬಲ್ಲರು. ಈ ಬದಿಯಲ್ಲಿ ತಟ್ಟಿದ ಚಪ್ಪಾಳೆ ಆ ಬದಿಯವರಿಗೆ ಕೂಡಲೇ ಕೇಳುವುದಿಲ್ಲ. ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರು; ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ನೇರವಾಗಿ ದಾಟಲು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಬೇಕು. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸಾಮಾನ್ಯವಾಗಿ ಇಷ್ಟು, ಕೆಲವೊಮ್ಮೆ ಇದಕ್ಕೂ ಹೆಚ್ಚು ವಿಳಂಬವಾಗುತ್ತದೆ. ಎಂದರೆ, ಹಾಡುವವರು ಗ್ಯಾಲರಿಯ ಈ ಬದಿಗೂ ತಬಲಾದವರು ಆ ಬದಿಗೂ ಕುಳಿತಂತೆ. ಎಂಥ ಲಯಜ್ಞಾನಿಯೂ ಹಾಗೆ ನುಡಿಸಲಾರ!

ಪರಿಹಾರ ಕಷ್ಟದ್ದಲ್ಲ. ತಂತಿಯ ಹೆಡ್‌ಫೋನನ್ನೇ ಬಳಸಬೇಕು. ತಂತ್ರಾಂಶದಲ್ಲಿ ‘ಬಫರ್’ ಎಂಬ ಅಂಕಿಯೊಂದಿರುತ್ತದೆ. ಅದು 1024 ಇದ್ದರೆ ಸೆಕೆಂಡಿನ ಸಾವಿರದ ಇಪ್ಪತ್ಮೂರು ಭಾಗ ವಿಳಂಬ, 128ಕ್ಕೆ ಇಳಿಸಿದರೆ ಮೂರೇ ಭಾಗ. ಹತ್ತು ಭಾಗದ ವಿಳಂಬವೆಂದರೆ ಮೂರೂವರೆ ಮೀಟರು ದೂರದಲ್ಲಿ ಕುಳಿತ ತಬಲಾದವನ ಪೆಟ್ಟು ಕೇಳಿದಂತೆ. ಅಷ್ಟನ್ನು ಕಿವಿ ಒಪ್ಪಿಕೊಳ್ಳುತ್ತದೆ. ವಿಂಡೋಸ್ ಗಣಕದವರು ‘ಆಸಿಯೋ’ ಎಂಬ ಬಗೆಯ ಚಾಲಕ ತಂತ್ರಾಂಶವನ್ನು ಅಳವಡಿಸಿಕೊಂಡರೆ ಈ ಕೆಲಸ ಸುಗಮ. ತಂತ್ರಾಂಶಕ್ಕೂ ಹೆಚ್ಚು ಖರ್ಚಿಲ್ಲ. ‘ಎಲ್‌ಎಂಎಂಎಸ್’ ಉಚಿತ, ಧ್ವನಿಯನ್ನು ಕತ್ತರಿಸಲು ‘ಒಡ್ಯಾಸಿಟಿ’ ಉಚಿತ, ಆಪಲ್ ಕಂಪನಿಯ ಸಾಧನ ಇದ್ದವರಿಗೆ ‘ಗ್ಯಾರೇಜ್‌ಬ್ಯಾಂಡ್’ ಉಚಿತ. ‘ರೀಪರ್’ ಎಂಬುದನ್ನು ಅರವತ್ತು ದಿನ ಪರೀಕ್ಷಿಸಿ ಆಮೇಲೆ ಹಣ ತೆರಬಹುದು. ಗಣಕವೇ ಇಲ್ಲದವರು ಮೊಬೈಲಿಗೆ ಪ್ಯಾಡನ್ನು ಜೋಡಿಸಿ ‘ಕೋಆಲಾ ಸ್ಯಾಂಪ್ಲರ್’ ಎಂಬ ಅಲ್ಪ ಬೆಲೆಯ ತಂತ್ರಾಂಶದಲ್ಲಿ ಕೆಲಸ ಸಾಗಿಸಬಹುದು. ಕಳ್ಳಪ್ರತಿಯ ತಂತ್ರಾಂಶ ಬೇಡ.

ಯಾರ ನಾದ?

ಇಲ್ಲಿಯವರೆಗೆ ಹೇಳಿದ್ದು ಕೊಳ್ಳುವ ವಿಚಾರ. ನಿಜವಾದ ವಿಚಾರ ಈಗ ಬರುತ್ತದೆ.

ಹೊಸ ಪ್ಯಾಡನ್ನು ಜೋಡಿಸಿ ಮೊದಲನೆಯ ಚೌಕವನ್ನು ಒತ್ತಿದಾಗ ಬಹುತೇಕ ಕೇಳುವುದು ಪಾಶ್ಚಾತ್ಯ ವಾದ್ಯವೃಂದದ ದೊಡ್ಡ ಡ್ರಮ್ಮಿನ ಸದ್ದು. ಇದು ಆಕಸ್ಮಿಕವಲ್ಲ. 1991ರಲ್ಲಿ ಜಾರಿಗೆ ಬಂದ ‘ಜನರಲ್ ಮಿಡಿ’ ಎಂಬ ಒಪ್ಪಂದದಲ್ಲಿ ತಾಳವಾದ್ಯಗಳಿಗೆಂದು ನಲವತ್ತೇಳು ಸ್ಥಾನಗಳನ್ನು ಹಂಚಲಾಯಿತು. 36ನೆಯ ಸಂಖ್ಯೆಗೆ ಬ್ಯಾಸ್ ಡ್ರಮ್, 38ಕ್ಕೆ ಸ್ನೇರ್ ಡ್ರಮ್. ಕ್ಯೂಬಾದ ಬೊಂಗೋ, ಕಾಂಗಾಗಳಿಗೆ ಸ್ಥಾನ ದೊರೆಯಿತು, ಬ್ರೆಜಿಲಿನ ಕುಯಿಕಾ ಎಂಬ ಉಜ್ಜುವ ವಾದ್ಯಕ್ಕೂ ದೊರೆಯಿತು. ತಬಲಾಕ್ಕೆ ಸ್ಥಾನವಿಲ್ಲ, ಮೃದಂಗಕ್ಕಿಲ್ಲ. ಸಂಬಾಳ, ಹಲಗೆ, ಕರಡಿ ಮಜಲುಗಳ ಮಾತಂತೂ ಅಲ್ಲಿ ಬರುವಂತೆಯೇ ಇಲ್ಲ. ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪಟ್ಟಿ ಮಾಡಿದವರು ತಮಗೆ ಗೊತ್ತಿದ್ದ ನಾದಗಳನ್ನು ಬರೆದುಕೊಂಡರು, ಅಷ್ಟೆ. ಮುಂದೆ ಕಂಪನಿಗಳು ಮಾರತೊಡಗಿದ ನಾದಸಂಗ್ರಹಗಳಲ್ಲಿ ತಬಲಾ, ಢೋಲಕಿಗಳು ಸೇರಿದುವು. ಆದರೆ ಬಬಲೇಶ್ವರದ ಜಾತ್ರೆಯಲ್ಲಿ ಕೇಳುವ ಕರಡಿ ಮಜಲಿನ ಗುರುಗುಟ್ಟುವ ನಾದವನ್ನು, ಪುರವಂತರ ಒಡಪಿನ ನಡುವೆ ಬೀಳುವ ಸಂಬಾಳದ ಪೆಟ್ಟನ್ನು, ಭಜನಾ ಮೇಳದ ದಮ್ಮಡಿಯನ್ನು ಬಯಸುವವರು ಅವನ್ನು ತಾವೇ ಸಂಗ್ರಹಿಸಿಕೊಳ್ಳಬೇಕು.

ಸಂಗ್ರಹ ಎಂದೊಡನೆ ಈ ಊರಿನಲ್ಲಿ ನೆನಪಾಗುವ ಹೆಸರು ಒಂದೇ. ವಕೀಲಿ ವೃತ್ತಿಗೆಂದು ವಿಜಾಪುರಕ್ಕೆ ಬಂದು ನೆಲೆಸಿದ ಫ. ಗು. ಹಳಕಟ್ಟಿಯವರು ಮನೆಮನೆಯ ಮಾಡದಲ್ಲಿ, ಜಂತಿಯ ಸಂದಿಯಲ್ಲಿ ಉಳಿದಿದ್ದ ಓಲೆಗರಿಗಳನ್ನು ಅರಸಿ ತಂದು ವಚನಗಳನ್ನು ಅಚ್ಚಿಗೆ ಇಳಿಸಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನದ ಅಕ್ಷರ ಹಾಗೆ ಉಳಿಯಿತು. ನಾದಕ್ಕೆ ಓಲೆಗರಿಯಿಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ ತೊರವಿ ಎಂಬ ಊರು ಸಿಗುತ್ತದಷ್ಟೆ. ಅಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವೆಂಬ ನಗರವನ್ನು ಕಟ್ಟಿಸತೊಡಗಿದ್ದು. ಸಂಗೀತಪ್ರಿಯನಾದ ಆ ಸುಲ್ತಾನನ ‘ಕಿತಾಬ್-ಎ-ನವರಸ್’ ಎಂಬ ಗೀತಗಳ ಪುಸ್ತಕ ಉಳಿದಿದೆ, ರಾಗಗಳ ಹೆಸರುಗಳೂ ಉಳಿದಿವೆ. ಅವನ ಆಸ್ಥಾನದಲ್ಲಿ ಬಿದ್ದ ಮೃದಂಗದ ಪೆಟ್ಟು ಹೇಗಿತ್ತೆಂದು ಇಂದು ಯಾರೂ ಕೇಳಲಾರರು. ಆಗ ಉಪಾಯವಿರಲಿಲ್ಲ. ಈಗ ಪ್ರತಿ ಮನೆಯ ಜೇಬಿನಲ್ಲಿಯೂ ಉಪಾಯವಿದೆ.

ಕೆಲಸದ ಕ್ರಮ ಹೀಗೆ. ಊರಿನ ವಾದಕರನ್ನು ಮನೆಗೆ ಆಹ್ವಾನಿಸಬೇಕು. ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ, ಮೆಲ್ಲಗೆ, ಹದವಾಗಿ, ಬಲವಾಗಿ, ಹೀಗೆ ಮೂರು ಬಗೆಯಲ್ಲಿ ನುಡಿಸಲು ಕೋರಬೇಕು. ಪ್ರತಿ ಪೆಟ್ಟಿನ ನಾದ ಪೂರ್ತಿ ಅಡಗುವವರೆಗೆ ಯಾರೂ ಮಾತಾಡಬಾರದು, ಫ್ಯಾನು ನಿಲ್ಲಿಸಿರಬೇಕು. ಎಂಟು ಪೆಟ್ಟಿಗೆ ಮೂರರಂತೆ ಇಪ್ಪತ್ತನಾಲ್ಕು; ಒಂದೊಂದನ್ನೂ ಎರಡು ಸಲ ತೆಗೆದುಕೊಂಡರೆ ನಲವತ್ತೆಂಟು. ಎರಡು ಸಲವೇಕೆಂದರೆ, ಒಂದೇ ದಾಖಲೆ ಮತ್ತೆ ಮತ್ತೆ ಬಂದರೆ ಕಿವಿಗೆ ಅದು ಯಂತ್ರವೆಂದು ತಕ್ಷಣ ತಿಳಿದುಹೋಗುತ್ತದೆ. ಅರ್ಧ ದಿನದ ಕೆಲಸವಿದು. ಆಮೇಲೆ ತಂತ್ರಾಂಶದಲ್ಲಿ ಮೆಲುಪೆಟ್ಟನ್ನು 1ರಿಂದ 50ರ ಬಲಕ್ಕೆ, ಹದದ ಪೆಟ್ಟನ್ನು 95ರವರೆಗೆ, ಉಳಿದದ್ದಕ್ಕೆ ಬಲಪೆಟ್ಟನ್ನು ಕಟ್ಟಿಕೊಡಬೇಕು. ‘ಗೆ’ ಎಂಬ ತೆರೆದ ನಾದ ಹೊರಡುತ್ತಿರುವಾಗ ‘ಕೆ’ ಎಂದು ಮುಚ್ಚಿದರೆ ಮೊದಲಿನದು ಕೂಡಲೇ ನಿಲ್ಲುವಂತೆ ಅವೆರಡನ್ನೂ ಒಂದು ಗುಂಪಿಗೆ ಸೇರಿಸುವ ಅನುಕೂಲ ಅನೇಕ ತಂತ್ರಾಂಶಗಳಲ್ಲಿದೆ. ಇದನ್ನು ಮರೆತರೆ ತಬಲಾ ಗದ್ದಲವಾಗುತ್ತದೆ.

ಸ್ಥಳದ ವಿಚಾರದಲ್ಲಿ ನಮ್ಮ ಮನೆಗಳಿಗೊಂದು ಸೌಕರ್ಯವಿದೆ, ಅದು ಅಜ್ಜಿಯರು ಹೊಲಿದ ಕೌದಿ. ಗಿಲಾಯಿ ಮಾಡಿದ ಬರಿಗೋಡೆಯ ಕೋಣೆಯಲ್ಲಿ ಪೆಟ್ಟಿನ ಸದ್ದು ಗೋಡೆಗೆ ಬಡಿದು ಮರಳಿ ಬಂದು ಕಲಸಿಹೋಗುತ್ತದೆ. ಮೂರು ಬದಿಗೆ ಹಗ್ಗ ಕಟ್ಟಿ ದಪ್ಪ ಕೌದಿಗಳನ್ನು ಇಳಿಬಿಟ್ಟು ಕೆಳಗೆ ಜಮಖಾನೆ ಹಾಸಿದರೆ, ಸಾವಿರಾರು ರೂಪಾಯಿಯ ಸ್ಪಂಜಿನ ಫಲಕಗಳು ಬೇಕಾಗುವುದಿಲ್ಲ. ತಿಕೋಟಾ ಕಡೆಯವರಿಗೆ ಇನ್ನೊಂದು ಅವಕಾಶವಿದೆ. ಸುಗ್ಗಿ ಮುಗಿದು ಬರಿದಾದ ಒಣದ್ರಾಕ್ಷಿಯ ಶೆಡ್ಡಿಗೆ ಗೋಡೆಯೇ ಇಲ್ಲ, ಸದ್ದು ಮರಳಿ ಬರುವುದಿಲ್ಲ. ಗಾಳಿಯಿಲ್ಲದ ನಸುಕಿನಲ್ಲಿ, ಪಂಪುಸೆಟ್ಟು ನಿಂತಿರುವಾಗ, ಹಲಗೆಯಂಥ ಬಿರುಸಿನ ವಾದ್ಯವನ್ನು ಅಲ್ಲಿ ದಾಖಲಿಸಿಕೊಳ್ಳಬಹುದು. ಮೊಬೈಲನ್ನು ತಬಲಾದಿಂದ ಒಂದು ಮೊಳ ದೂರದಲ್ಲಿಯೂ ಹಲಗೆಯಿಂದ ನಾಲ್ಕು ಮೊಳ ದೂರದಲ್ಲಿಯೂ ಇಡುವುದು ಲೇಸು. ಹಲಗೆಯನ್ನು ಬೆಂಕಿಗೆ ಕಾಯಿಸಿಯೇ ನುಡಿಸುವುದೆಂಬುದು ಎಲ್ಲರೂ ಕಂಡದ್ದೇ; ಕಾವು ಆರಿದಂತೆ ಚರ್ಮ ಸಡಿಲಾಗಿ ನಾದ ಇಳಿಯುತ್ತದೆ. ಆದುದರಿಂದ ಅದರ ಪೆಟ್ಟುಗಳನ್ನೆಲ್ಲ ಕಾವು ಇರುವಾಗಲೇ ಒಂದೇ ಬೀಸಿನಲ್ಲಿ ತೆಗೆದುಕೊಳ್ಳಬೇಕು. ನಡುವೆ ಚಹಾಕ್ಕೆ ಎದ್ದರೆ ಮೊದಲರ್ಧ ಒಂದು ವಾದ್ಯ, ಎರಡನೆಯರ್ಧ ಇನ್ನೊಂದು ವಾದ್ಯವಾದೀತು. ಶ್ರುತಿಯ ಕಡೆಗೂ ಗಮನವಿರಲಿ. ಮನೆಯ ಹೆಣ್ಣುಮಕ್ಕಳು ಕರಿ ನಾಲ್ಕು ಇಲ್ಲವೆ ಐದರಲ್ಲಿ ಹಾಡುವವರಾದರೆ ತಬಲಾವನ್ನು ಅದಕ್ಕೇ ಶ್ರುತಿಗೊಳಿಸಿ ದಾಖಲಿಸಬೇಕು. ಗಂಡಸರ ಕರಿ ಒಂದಕ್ಕೆ ಬೇರೆ ತಬಲಾದ ಬೇರೆ ದಾಖಲೆಯೇ ಬೇಕು. ಗಣಕದಲ್ಲಿ ಒಂದೆರಡು ಸ್ವರದ ಮನೆಗಳಷ್ಟು ಏರಿಳಿಸಬಹುದು, ಅದಕ್ಕೂ ಮೀರಿದರೆ ನಾದ ತಗಡಿನಂತಾಗುತ್ತದೆ.

ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಹಲಗೆ ಬಾರಿಸುವವರನ್ನು ಅಂಗಳದಾಚೆಯೇ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಕಾಳುಕಡ್ಡಿ ಕೊಟ್ಟು ಕಳಿಸುವ ರೂಢಿ ನಮ್ಮ ಊರುಗಳಲ್ಲಿ ಇದ್ದುದನ್ನು ಯಾರೂ ಅಲ್ಲಗಳೆಯಲಾರರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಮಾತುಗಳನ್ನು ಹಾಡಲಿಕ್ಕೆಂದೇ ನಾದವನ್ನು ಸಂಗ್ರಹಿಸುವಾಗ, ನಾದ ಕೊಡುವವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ ಆ ಹಾಡಿಕೆಗೆ ಅರ್ಥವೇನು? ಶರಣರ ಗಣದಲ್ಲಿ ಢಕ್ಕೆ ಬಾರಿಸುವುದನ್ನೇ ಕಾಯಕವಾಗಿ ಕೈಕೊಂಡಿದ್ದ ಢಕ್ಕೆಯ ಬೊಮ್ಮಣ್ಣನವರೆಂಬ ವಚನಕಾರರಿದ್ದರು. ಕಿನ್ನರಿಯ ಬೊಮ್ಮಯ್ಯನವರೂ ಇದ್ದರು. ವಾದಕರನ್ನು ಪಡಸಾಲೆಗೆ ಕರೆದು, ಜಮಖಾನೆಯ ಮೇಲೆ ಎಲ್ಲರ ಸಮಕ್ಕೆ ಕೂರಿಸಿ, ಪ್ರಸಾದಕ್ಕೂ ಅದೇ ಪಂಕ್ತಿಯಲ್ಲಿ ಎಡೆ ಮಾಡುವುದು ಉಪಕಾರವಲ್ಲ. ಸಂಭಾವನೆಯು ಒಂದು ಮದುವೆಯ ಮೆರವಣಿಗೆಗೆ ಅವರು ಪಡೆಯುವ ಮೊತ್ತಕ್ಕಿಂತ ಕಡಿಮೆ ಇರಬಾರದು. ಯಾಕೆಂದರೆ ಮೆರವಣಿಗೆಯ ನಾದ ಆ ದಿನಕ್ಕೆ ಮುಗಿಯುತ್ತದೆ, ಈ ನಾದವನ್ನು ಮನೆಯವರು ವರ್ಷಾನುವರ್ಷ ಬಳಸಲಿದ್ದಾರೆ. ಕಾನೂನು ಕೂಡ ಈ ಮಾತಿಗೆ ಪುಷ್ಟಿ ಕೊಡುತ್ತದೆ. 1994ರ ತಿದ್ದುಪಡಿಯ ನಂತರ ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆಯು ನುಡಿಸುವವರ ಹಕ್ಕನ್ನು ಮನ್ನಿಸಿದೆ. ಅವರ ಒಪ್ಪಿಗೆಯಿಲ್ಲದೆ ದಾಖಲಿಸಿ ಮಾರುವಂತಿಲ್ಲ. ಮನೆಯ ಪ್ರಾರ್ಥನೆಗೆ ಮಾತ್ರವೇ, ಯೂಟ್ಯೂಬಿಗೂ ಏರಿಸುವುದೇ, ಹಣ ಬಂದರೆ ಹಂಚಿಕೆ ಹೇಗೆ ಎಂಬುದನ್ನು ಅವರೆದುರಿಗೇ ಒಂದು ಹಾಳೆಯ ಮೇಲೆ ಬರೆದು ಓದಿ ಹೇಳಿ ಸಹಿ ಪಡೆಯುವುದು ಇಬ್ಬರಿಗೂ ಕ್ಷೇಮ. ಇದೇ ಹಕ್ಕಿನ ಮಾತು ರಾಗಸಂಯೋಜನೆಗೂ ಅನ್ವಯಿಸುತ್ತದೆ. ವಚನ ಎಲ್ಲರ ಸೊತ್ತು, ಆದರೆ ಇತ್ತೀಚಿನ ಗಾಯಕರು ಕೂಡಿಸಿದ ಧಾಟಿ ಅವರದು.

ಈ ಎಲ್ಲ ಕಾರಣಗಳಿಂದ ಹಣದ ಲೆಕ್ಕವನ್ನೇ ಬೇರೆ ಬಗೆಯಲ್ಲಿ ಹಾಕಬೇಕಾಗುತ್ತದೆ. ಹದಿನೈದು ಸಾವಿರ ರೂಪಾಯಿ ತೆಗೆದಿಟ್ಟವರು ಹದಿನೈದು ಸಾವಿರದ ಯಂತ್ರ ಕೊಳ್ಳಬಾರದು. ಆರೇಳು ಸಾವಿರದ ಎಂಟು ಪ್ಯಾಡಿನ ಸಾಧನ, ಒಂದೂವರೆ ಸಾವಿರದ ತಂತಿಯ ಹೆಡ್‌ಫೋನು ಸಾಕು. ಮಿಕ್ಕದ್ದು ವಾದಕರಿಗೆ ಸಲ್ಲಲಿ. ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ವಾದಕರಿಗೆ ವರ್ಷದಿಂದ ವರ್ಷಕ್ಕೆ ವಯಸ್ಸಾಗುತ್ತದೆ, ಅವರ ಮಕ್ಕಳು ಪುಣೆ, ಬೆಂಗಳೂರಿನ ಹಾದಿ ಹಿಡಿದಿದ್ದಾರೆ.

ಇದರಿಂದ ವಾದಕರ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂದು ಕೆಲವು ಹಿರಿಯರು ಶಂಕಿಸುತ್ತಾರೆ. ಶಂಕೆ ನಿರಾಧಾರವೇನಲ್ಲ. ಪ್ಯಾಡು ಮನೆಯೊಳಗಿನ ಸಾಧನವಾಗಿಯೇ ಇರಲಿ. ಜಾತ್ರೆಗೆ, ಪಲ್ಲಕ್ಕಿಗೆ, ಮದುವೆಯ ಮೆರವಣಿಗೆಗೆ ಧ್ವನಿವರ್ಧಕದಲ್ಲಿ ಯಂತ್ರದ ಮಜಲನ್ನು ಹಾ‌ಕಿ, ಕರಡಿ ಮಜಲಿನವರನ್ನು ಮನೆಯಲ್ಲಿ ಕೂರಿಸುವುದು ಸರ್ವಥಾ ಸಲ್ಲದು. ಭಜನೆಯಲ್ಲಿ ತಬಲಾದವರು ಬಂದು ಕುಳಿತಿರುವಾಗ ಹುಡುಗರು ಪ್ಯಾಡನ್ನು ಹೊರತೆಗೆಯಬಾರದು. ಪಕ್ಕದಲ್ಲಿ ಕುಳಿತು ಅವರ ಕೈಯನ್ನು ನೋಡಬೇಕು.

ಕಲಿಕೆಯ ವಿಚಾರದಲ್ಲಿಯೂ ಹಾಗೆಯೇ. ಪ್ಯಾಡಿನ ಮೇಲೆ ಬೆರಳಾಡಿಸುವ ಮೊದಲು ಮಗು ತೊಡೆಯ ಮೇಲೆ ಕೈತಟ್ಟಿ, ಬಾಯಿಯಲ್ಲಿ ಬೋಲು ಹೇಳುತ್ತ, ಎಂಟು ಮಾತ್ರೆಗಳನ್ನು ಹತ್ತು ನಿಮಿಷ ತಪ್ಪದೆ ನಡೆಸುವಂತಾಗಬೇಕು. ಯಂತ್ರದಲ್ಲಿ ತಪ್ಪಿದ ಪೆಟ್ಟುಗಳನ್ನು ತಾನಾಗಿಯೇ ನೇರಮಾಡುವ ಗುಂಡಿಯೊಂದಿದೆ. ಮೊದಲ ಆರು ತಿಂಗಳು ಅದನ್ನು ಮುಟ್ಟಗೊಡಬೇಡಿರಿ. ವಚನಕ್ಕೆ ತಾಳ ಅಲಂಕಾರವೇ ಹೊರತು ಆಧಾರವಲ್ಲ. ತಾಳದ ಲೆಕ್ಕ ತಮಗೆ ಬಾರದೆಂಬ ವಿನಯವನ್ನು ಬಸವಣ್ಣನವರೇ ತೋರಿದ್ದಾರೆ. ಆದ್ದರಿಂದ ಮಾತು ಕೇಳಬೇಕಾದ ಎಡೆಯಲ್ಲಿ ಪೆಟ್ಟು ಇಳಿಯಬೇಕು. ಬಲ ಗ್ರಹಿಸುವ ಪ್ಯಾಡನ್ನೇ ಕೊಳ್ಳಿರೆಂದು ಮೇಲೆ ಒತ್ತಿ ಹೇಳಿದ್ದು ಇದಕ್ಕಾಗಿಯೇ.

ದೃಷ್ಟಿಯಿಲ್ಲದ ಮಕ್ಕಳಿರುವ ಕುಟುಂಬಗಳಿಗೆ ಒಂದು ಸೂಚನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತು ಬಾಳು ಕಟ್ಟಿಕೊಂಡ ಪರಂಪರೆ ನಮಗೆಲ್ಲ ತಿಳಿದದ್ದೇ. ಸ್ವತಃ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳು ಹಲವು ವಾದ್ಯಗಳಲ್ಲಿ ಪ್ರಭುತ್ವ ಪಡೆದಿದ್ದರು. ಮೊಬೈಲಿನ ನುಣುಪಾದ ಗಾಜಿನ ಮೇಲೆ ಅಂಥ ಮಕ್ಕಳಿಗೆ ಚೌಕದ ಗುರುತು ಹತ್ತುವುದಿಲ್ಲ. ಉಬ್ಬಿದ ರಬ್ಬರಿನ, ನಡುನಡುವೆ ಬಿಡುವಿರುವ ಪ್ಯಾಡಿನಲ್ಲಿ ಬೆರಳೇ ಕಣ್ಣಾಗುತ್ತದೆ. ಅವರಿಗಾಗಿ ಕೊಳ್ಳುವಾಗ ದೀಪದ ಬಣ್ಣಗಳಿಗೆ ಹಣ ಕೊಡುವ ಅಗತ್ಯವಿಲ್ಲ. ಒಂದು ಮೂಲೆಯ ಪ್ಯಾಡಿಗೆ ಸಣ್ಣದೊಂದು ಬಟ್ಟೆಯ ತುಂಡನ್ನು ಅಂಟಿಸಿ ಗುರುತು ಮಾಡಿಕೊಟ್ಟರಾಯಿತು.

ಕೊನೆಯದಾಗಿ ಕಡತಗಳ ಹೆಸರು. ದಾಖಲಿಸಿದ ನಾದಗಳನ್ನು ಒಂದು, ಎರಡು, ಮೂರು ಎಂದು ಬರೆದಿಟ್ಟರೆ ಆರು ತಿಂಗಳಲ್ಲಿ ಯಾವುದು ಯಾವುದೆಂದು ತಿಳಿಯದು. ವಾದ್ಯದ ಹೆಸರು, ಪೆಟ್ಟಿನ ಹೆಸರು, ಬಲ, ನುಡಿಸಿದವರ ಹೆಸರು, ಊರು, ತಾರೀಖು ಇಷ್ಟನ್ನೂ ಕನ್ನಡದಲ್ಲಿಯೇ ಬರೆದು, ಹಾಡನ್ನು ಹಂಚುವಾಗ ಹಾಡಿದವರ ಹೆಸರಿನ ಕೆಳಗೆ ವಾದಕರ ಹೆಸರನ್ನೂ ಕಾಣಿಸಬೇಕು. ಎರಡು ಪೆನ್‌ಡ್ರೈವುಗಳಲ್ಲಿ ಪ್ರತಿ ತೆಗೆದು, ಒಂದನ್ನು ಮನೆಯ ಕಪಾಟಿನಲ್ಲಿಯೂ ಇನ್ನೊಂದನ್ನು ವಾದಕರ ಮನೆಯಲ್ಲಿಯೂ ಇಡತಕ್ಕದ್ದು.